ಇಸ್ಫಹಾನಿನ ಟೈಲ್ಸ್: ಹಫ್ತ್‌ರಂಗಿ ಬಂದದ್ದು ಶಾ ಅಬ್ಬಾಸನ ಅವಸರಕ್ಕೇನಾ?

ನಕ್ಷೆಕಾಗದ:
ಇರಾನಿನ ಇಸ್ಫಹಾನ್ ನಗರದ ಶಾ ಮಸೀದಿಯ ಬಗ್ಗೆ ಎಲ್ಲಿ ಓದಿದರೂ ಇದೇ ಮಾತು. ತನ್ನ ಕಣ್ಣೆದುರೇ ಮಸೀದಿ ಮುಗಿಯಬೇಕು ಅಂತ ಸಫವಿ ದೊರೆ ಶಾ ಅಬ್ಬಾಸನಿಗೆ ಅವಸರ, ಬಣ್ಣದ ಟೈಲ್ ತುಂಡು ಕತ್ತರಿಸಿ ಜೋಡಿಸುವ ಮೊಅರ್ರಕ್ ಕೆಲಸ ವರ್ಷಗಟ್ಟಲೆ ಎಳೆಯುತ್ತಿತ್ತು, ಅದಕ್ಕೇ ಒಂದೇ ಟೈಲ್ ಮೇಲೆ ಏಳು ಬಣ್ಣ ತುಂಬುವ ಅಗ್ಗದ ಹಫ್ತ್‌ರಂಗಿ ಟೈಲ್ಸ್ ಹಚ್ಚಿ ಮುಗಿಸಿದರು ಅಂತ. ಕತೆ ಚೆನ್ನಾಗಿದೆ, ಆದರೆ ಕಟ್ಟಡವನ್ನೇ ಮುಂದಿಟ್ಟುಕೊಂಡರೆ ಪೂರ್ತಿ ನಿಲ್ಲುವುದಿಲ್ಲ.

ಮೊದಲು ಇಸವಿಗಳು. ರಾಜಧಾನಿ ಖಜ್ವೀನ್‌ನಿಂದ ಇಸ್ಫಹಾನಿಗೆ ಬಂದದ್ದು 1598ರಲ್ಲಿ. ನಕ್ಷ್-ಎ-ಜಹಾನ್ ಮೈದಾನ ಸುಮಾರು 560 ಮೀಟರ್ ಉದ್ದ, 160 ಮೀಟರ್ ಅಗಲ. ಮೊದಲು ಅದು ಪೋಲೊ ಆಟಕ್ಕೆ, ಮೆರವಣಿಗೆಗೆ ಬಿಟ್ಟ ಬಯಲು. ಸುತ್ತ ಎರಡಂತಸ್ತಿನ ಅಂಗಡಿ ಸಾಲು ಎದ್ದದ್ದು ಕೆಲವು ವರ್ಷದ ಮೇಲೆ. ಪೂರ್ವದ ಬದಿಯ ಶೇಖ್ ಲುತ್ಫುಲ್ಲಾ ಮಸೀದಿಯ ಕೆಲಸ 1603ರಿಂದ 1619ರ ತನಕ. ದಕ್ಷಿಣ ತುದಿಯ ಶಾ ಮಸೀದಿ 1611ರಲ್ಲಿ ಶುರು. ಅದರ ಹೆಬ್ಬಾಗಿಲಿನ ಮೇಲೆ ಅಲಿ ರಜಾ ಅಬ್ಬಾಸಿ ಬರೆದ ಶಾಸನದ ಕಾಲ 1616. ಇಡೀ ಮಸೀದಿ ಮುಗಿದದ್ದು 1630ರ ಸುಮಾರಿಗೆ, ಅಂದರೆ ಶಾ ತೀರಿಕೊಂಡು ಮೊಮ್ಮಗ ಶಾ ಸಫಿ ಪಟ್ಟಕ್ಕೆ ಬಂದ ಮೇಲೆ.

ಈಗ ಗೋಡೆ ನೋಡಿ. ಹೆಬ್ಬಾಗಿಲು ಮೊಅರ್ರಕ್. ಒಳಗಿನ ಅಂಗಳ, ಒಂದು ಬದಿ ತೆರೆದ ಕಮಾನು ಹಜಾರಗಳಾದ ಐವಾನ್‌ಗಳು, ಪಕ್ಕದ ಮದರಸಾ ಅಂಗಳಗಳು ಬಹುಪಾಲು ಹಫ್ತ್‌ರಂಗಿ. ಮೈದಾನದಲ್ಲಿ ಓಡಾಡುವ ಪ್ರತಿಯೊಬ್ಬನ ಕಣ್ಣಿಗೆ ಬೀಳುವ ಕಡೆ ದುಬಾರಿ ಕೆಲಸ, ಒಳಗಿನ ವಿಸ್ತಾರವಾದ ಗೋಡೆಗೆ ಕಡಿಮೆ ಖರ್ಚಿನದು. ಇದರಲ್ಲಿ ನನಗೆ ಕಾಣುವುದು ಲೆಕ್ಕಾಚಾರ.

ತಿರುಗಿ_ಕೇಳ್ತೀನಿ:
ಲೆಕ್ಕಾಚಾರ ಅಂತೀರಿ, ಅದಕ್ಕೆ ಇನ್ನೊಂದು ಅರ್ಥಾನೂ ಇದೆಯಲ್ಲ? ಹೆಬ್ಬಾಗಿಲಿಗೆ ಐದು ವರ್ಷ ಹಿಡೀತು, ಅದನ್ನ ನೋಡಿ ಶಾ ಬೆಚ್ಚಿಬಿದ್ದ, ಒಳಗಡೆ ಬೇಗ ಮುಗಿಸಿ ಅಂದ. ಹಾಗಂದ್ರೂ ನಿಮ್ಮ ಇಸವಿಗಳೆಲ್ಲ ಸರಿಹೋಗುತ್ತವೆ. ಮೊಅರ್ರಕ್‌ಗೂ ಹಫ್ತ್‌ರಂಗಿಗೂ ನಿಜವಾಗಿ ಎಷ್ಟು ವ್ಯತ್ಯಾಸ ಅಂತ ಭಟ್ಟಿ ಗೊತ್ತಿರೋರು ಯಾರಾದ್ರೂ ಬಿಡಿಸಿ ಹೇಳಿದ್ರೆ ಒಳ್ಳೇದು.

ಭಟ್ಟಿಬೂದಿ:
ಬಿಡಿಸಿ ಹೇಳ್ತೀನಿ, ಉದ್ದ ಆಗುತ್ತೆ.

ಮೊಅರ್ರಕ್‌ನಲ್ಲಿ ಒಂದು ಟೈಲ್‌ಗೆ ಒಂದೇ ಬಣ್ಣ. ಲಾಜವರ್ದಿ ನೀಲಿ ಬೇರೆ, ಫಿರೋಜಾ (ಹಸಿರು ಬೆರೆತ ತಿಳಿನೀಲಿ) ಬೇರೆ, ಬಿಳಿ ಬೇರೆ, ಹಳದಿ ಬೇರೆ ಸುಡ್ತಾರೆ. ಪ್ರತಿ ಬಣ್ಣಕ್ಕೂ ಅದಕ್ಕೆ ಒಗ್ಗುವ ಶಾಖ, ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತೆ. ಆ ಬಣ್ಣದ ಆಳ ಬರೋದೇ ಅದರಿಂದ. ಆಮೇಲೆ ಪೂರ್ತಿ ಅಳತೆಯ ನಕ್ಷೆ ಬರೆದು, ಎರಡನೇ ಪ್ರತಿಯನ್ನ ತುಂಡುತುಂಡಾಗಿ ಕತ್ತರಿಸಿ, ಪ್ರತಿ ಕಾಗದದ ತುಂಡನ್ನೂ ಅದರ ಬಣ್ಣದ ಟೈಲ್ ಮೇಲೆ ಅಂಟಿಸ್ತಾರೆ. ತೀಶೆ ಅನ್ನೋ ಚೂಪು ಸುತ್ತಿಗೆಯಿಂದ ಅಂಚು ಕೊಚ್ಚಿ, ಉಜ್ಜಿ ಆಕಾರಕ್ಕೆ ತರ್ತಾರೆ. ಕೊಚ್ಚುವಾಗ ಅಂಚು ಹಿಂದಕ್ಕೆ ಇಳಿಜಾರಾಗಿರಬೇಕು, ಮುಂದಿನ ಮುಖ ಅಗಲ, ಬೆನ್ನು ಕಿರಿದು. ಹಾಗಿದ್ರೆ ಮಾತ್ರ ಮುಂಭಾಗದಲ್ಲಿ ತುಂಡುಗಳು ಕೂದಲೆಳೆ ಸಂದೂ ಇಲ್ಲದೆ ಕೂಡ್ತವೆ, ಹಿಂದೆ ಗಾರೆ ಹಿಡಿಯೋಕೆ ಜಾಗ ಸಿಗುತ್ತೆ. ಅಂಚು ನೇರ ಕೊಚ್ಚಿದರೆ ಬೆನ್ನು ಬೆನ್ನಿಗೆ ತಾಗಿ ಮುಂದೆ ಬಿರುಕು ತೆರೆದುಕೊಳ್ಳುತ್ತೆ.

ಆಮೇಲೆ ತುಂಡುಗಳನ್ನ ಮುಖ ಕೆಳಗೆ ಮಾಡಿ ನಕ್ಷೆ ಮೇಲೆ ಜೋಡಿಸಿ, ಬೆನ್ನಿಗೆ ತೆಳುವಾಗಿ ಕಲಸಿದ ಜಿಪ್ಸಂ ಸುರೀತಾರೆ. ಗಟ್ಟಿಯಾಗೋವಾಗ ಜಿಪ್ಸಂ ಒಂಚೂರು ಹಿಗ್ಗುತ್ತೆ, ಹಾಗಾಗಿ ಸಂದುಗಳನ್ನೆಲ್ಲ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಒಣಗಿದ ಫಲಕವನ್ನ ಎತ್ತಿ ಗೋಡೆಗೆ ಗಾರೆಯಲ್ಲಿ ಕೂರಿಸ್ತಾರೆ. ಗುಮ್ಮಟಕ್ಕಾದ್ರೆ ಈ ಜೋಡಣೆ ಸಮತಟ್ಟು ನೆಲದ ಮೇಲೆ ಆಗಲ್ಲ, ಆ ಬಾಗಿಗೆ ಸರಿಯಾದ ಅಚ್ಚಿನ ಮೇಲೇ ಆಗಬೇಕು.

ಹಫ್ತ್‌ರಂಗಿ ಬೇರೆ ದಾರಿ. ಚೌಕ ಟೈಲ್, ಬದಿ 20ರಿಂದ 25 ಸೆಂಟಿಮೀಟರ್. ಒಮ್ಮೆ ಸುಟ್ಟು, ಬಿಳಿ ಮೆರುಗು ಕೊಟ್ಟು, ಗೋಡೆಯ ಒಂದು ಭಾಗಕ್ಕೆ ಬೇಕಾದಷ್ಟನ್ನೂ ನೆಲದ ಮೇಲೆ ಹರಡ್ತಾರೆ. ನಕ್ಷೆಯ ಕಾಗದದಲ್ಲಿ ಗೆರೆಗುಂಟ ಸೂಜಿಯಿಂದ ತೂತು ಮಾಡಿ, ಮೇಲೆ ಇದ್ದಿಲ ಪುಡಿ ಗಂಟು ತಟ್ಟಿದರೆ ಟೈಲ್ ಮೇಲೆ ಚುಕ್ಕಿಗೆರೆ ಬೀಳುತ್ತೆ. ಆ ಗೆರೆಯನ್ನ ಎಣ್ಣೆ ಅಥವಾ ಕೊಬ್ಬಲ್ಲಿ ಕಲಸಿದ ಮ್ಯಾಂಗನೀಸ್ ಕಪ್ಪಿನಿಂದ ತಿದ್ದಬೇಕು. ನಡುವಿನ ಜಾಗಕ್ಕೆ ನೀರಲ್ಲಿ ಕಲಸಿದ ಬಣ್ಣದ ಮೆರುಗು ತುಂಬಬೇಕು. ಎಣ್ಣೆ ಗೆರೆ ನೀರನ್ನ ತಡೆಯೋದ್ರಿಂದ ಪಕ್ಕದ ಬಣ್ಣಗಳು ಬೆರೆಯಲ್ಲ. ಸುಟ್ಟಾಗ ಎಣ್ಣೆ ಹೋಗಿ ಮಂಕು ಕಪ್ಪು ಗೆರೆ ಉಳಿಯುತ್ತೆ. ಬೆನ್ನ ಮೇಲೆ ಅಂಕಿ ಹಾಕಿರೋದು ಮರೀಬಾರದು, ಇಲ್ಲಾಂದ್ರೆ ಭಟ್ಟಿಯಿಂದ ಹೊರಗೆ ಬಂದ ಮೇಲೆ ಬಳ್ಳಿ ಯಾವುದು, ಎಲೆ ಯಾವುದು ಅಂತ ಹುಡುಕ್ತಾ ಕೂರಬೇಕು.

ಉಳಿತಾಯ ಎಲ್ಲಿ ಅಂದ್ರೆ, ತೀಶೆ ಹಿಡಿದು ಕೊಚ್ಚುವ ಕೆಲಸವೇ ಇಲ್ಲ, ಒಡೆದು ಹಾಳಾಗುವ ಸರಕೂ ಕಡಿಮೆ. ನಷ್ಟ ಎಲ್ಲಿ ಅಂದ್ರೆ, ಏಳೂ ಬಣ್ಣ ಒಂದೇ ಬೆಂಕೀಲಿ ಬೇಯಬೇಕು. ಒಂದಕ್ಕೆ ಸರಿಯಾದ ಶಾಖ ಇನ್ನೊಂದಕ್ಕೆ ಜಾಸ್ತಿ. ಜಾಸ್ತಿಯಾದ್ರೆ ಮೆರುಗು ಹರಿದು ಗೆರೆ ದಾಟುತ್ತೆ, ಕಡಿಮೆಯಾದ್ರೆ ಸುಣ್ಣ ಬಳಿದಷ್ಟು ಮಂಕು. ಮಧ್ಯದ ಶಾಖಕ್ಕೆ ಎಲ್ಲ ಬಣ್ಣಗಳೂ ರಾಜಿಯಾಗ್ತವೆ, ಹಾಗಾಗಿ ಹಫ್ತ್‌ರಂಗಿಯ ನೀಲಿ ಮೊಅರ್ರಕ್‌ನ ನೀಲಿಯಷ್ಟು ಗಾಢ ಇರಲ್ಲ. ಶಾ ಮಸೀದಿಯ ಹೆಬ್ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟ ತಕ್ಷಣ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತೆ.

ತಿರುಗಿ_ಕೇಳ್ತೀನಿ:
ಇದು ಬೇಕಿತ್ತು. ಹಾಗಾದ್ರೆ ಹಫ್ತ್‌ರಂಗಿ ಶಾ ಅಬ್ಬಾಸನ ಕಾಲದಲ್ಲೇ ಹುಟ್ಟಿದ್ದಾ?

ನಕ್ಷೆಕಾಗದ:
ಇಲ್ಲ. ಸಫವಿಗಳಿಗಿಂತ ಮೊದಲಿನ ತೈಮೂರಿ ಕಾಲದಲ್ಲೇ ಇತ್ತು. ಸಮರ್ಖಂದದ ಶಾಹ್-ಇ-ಜಿಂದಾ ಗೋರಿಗಳಲ್ಲಿದೆ, 1440ರ ದಶಕದ ಖರ್ಗಿರ್ದ್ ಮದರಸಾದಲ್ಲಿದೆ. ಇಸ್ಫಹಾನಿನ ಮೇಸ್ತ್ರಿಗಳ ಕೈಯಲ್ಲಿ ಎರಡೂ ವಿದ್ಯೆ ಮೊದಲಿಂದ ಇದ್ದವು. ಅವಸರದ ಕತೆಗೆ ಇದೇ ದೊಡ್ಡ ಪೆಟ್ಟು. ಅವಸರವೇನೂ ಇಲ್ಲದ ಶೇಖ್ ಲುತ್ಫುಲ್ಲಾ ಮಸೀದಿಯಲ್ಲೂ ಎರಡನ್ನೂ ಬಳಸಿದ್ದಾರೆ. ಒಳಗುಮ್ಮಟದಲ್ಲಿ ಮೆರುಗಿಲ್ಲದ ಇಟ್ಟಿಗೆಯ ನಡುವೆ ಮೊಅರ್ರಕ್ ಪದಕಗಳು, ಮೇಲೆ ಹೋದಷ್ಟೂ ಚಿಕ್ಕದಾಗುತ್ತ ಹೋಗುತ್ತವೆ. ಕೆಳಗಿನ ಗೋಡೆಯ ಸಮತಟ್ಟು ಭಾಗಗಳಲ್ಲಿ ಹಫ್ತ್‌ರಂಗಿ. ಅದು ಚಿಕ್ಕ ಕಟ್ಟಡ. ಮಿನಾರೂ ಇಲ್ಲ, ಅಂಗಳವೂ ಇಲ್ಲ. ಆದರೂ ಹದಿನಾರು ವರ್ಷ ಹಿಡಿಯಿತು. ಕಟ್ಟಿದ ಉಸ್ತಾದ್ ಮುಹಮ್ಮದ್ ರಜಾ ಇಸ್ಫಹಾನಿ ಮಿಹ್ರಾಬಿನಲ್ಲಿ (ಮೆಕ್ಕಾದ ಕಡೆಯ ಗೋಡೆಯ ಗೂಡಿನಲ್ಲಿ) ಹೆಸರನ್ನೂ ಹಾಕಿದ್ದಾನೆ.

ನನ್ನ ತೀರ್ಮಾನ ಇಷ್ಟು: ಬಾಗಿದ ಮೇಲ್ಮೈಗೆ ಮೊಅರ್ರಕ್ಕೇ ಹೆಚ್ಚು ಹೊಂದುತ್ತದೆ, ಚಿಕ್ಕ ತುಂಡುಗಳು ಯಾವ ಬಾಗಿಗೂ ಒಗ್ಗುತ್ತವೆ. 23 ಸೆಂಟಿಮೀಟರ್ ಚೌಕವನ್ನು ಗುಮ್ಮಟದ ಮೇಲೆ ಕೂರಿಸಿದರೆ ಮೂಲೆ ಎದ್ದು ನಿಲ್ಲುತ್ತದೆ, ಅದರಡಿ ನೀರು ನುಗ್ಗುತ್ತದೆ. ಸಮತಟ್ಟಾದ ದೊಡ್ಡ ಗೋಡೆಗೆ ಹಫ್ತ್‌ರಂಗಿ ಸಾಕು. ಅವಸರ ಇದ್ದಿರಬಹುದು, ಆದರೆ ಯಾವ ಜಾಗಕ್ಕೆ ಯಾವುದು ಅಂತ ತೂಗಿದವರು ಮೇಸ್ತ್ರಿಗಳು.

ಹುಬ್ಳಿ_ಪೇಟೆ:
ಛಲೋ ಚರ್ಚೆ ನಡದದ. ರೊಕ್ಕದ ಮಾತ ಯಾರೂ ಎತ್ತವಲ್ರಿ, ಅದಕ್ಕ ನಾ ಎತ್ತತೀನಿ.

ಶಾ ಮಸೀದಿಗೆ 1 ಕೋಟಿ 80 ಲಕ್ಷ ಇಟ್ಟಂಗಿ, 4 ಲಕ್ಷ 75 ಸಾವಿರ ಟೈಲ್ಸ್, ಖರ್ಚು 60,000 ತುಮಾನ್ ಅಂತ ಒಂದ್ ಲೆಕ್ಕ ಎಲ್ಲಾ ಕಡೆ ತಿರಗತದ. ಒಂದ್ ತುಮಾನ್ ಅಂದ್ರ 10,000 ದೀನಾರ. ಶಾ ಅಬ್ಬಾಸ ಹೊಡಿಸಿದ ಬೆಳ್ಳಿ ಅಬ್ಬಾಸಿ ನಾಣ್ಯ 200 ದೀನಾರದ್ದು, ಅಂದ್ರ ತುಮಾನಿಗೆ 50 ಅಬ್ಬಾಸಿ. ಒಟ್ಟ 30 ಲಕ್ಷ ಬೆಳ್ಳಿ ನಾಣ್ಯ ಆತು. ಟೈಲ್ ಒಂದಕ್ಕ 23 ಸೆಂಟಿಮೀಟರ್ ಹಿಡದ್ರ ಚದರ ಮೀಟರಿಗೆ 19 ಬೇಕು. 4,75,000ಕ್ಕ 25,000 ಚದರ ಮೀಟರ್ ಆಗತದ. ಅಷ್ಟನ್ನೂ ತೀಶೆ ಹಿಡದು ಕೊಚ್ಚಕೋತ ಕುಂತಿದ್ರ ಖಜಾನಿ ಏನಾಗತಿತ್ತು ಹೇಳ್ರಿ.

ಈ ರೊಕ್ಕ ಬಂದಿದ್ದೆಲ್ಲಿಂದ? ಒಂದು ರೇಷ್ಮಿ. ಗೀಲಾನ್ 1592ರಾಗ ಶಾನ ಕೈಸೇರಿತು, ಮುಂದ ಕೆಲ ವರ್ಷಕ್ಕ ಮಾಝಂದರಾನ್ ಸೈತ. ಎರಡೂ ರೇಷ್ಮಿ ಸೀಮಿ. 1604-05ರಾಗ ಅರಸ್ ನದಿ ದಂಡಿ ಜುಲ್ಫಾದ ಆರ್ಮೇನಿಯನ್ ವ್ಯಾಪಾರಸ್ಥರನ್ನ ಒಕ್ಕಲೆಬ್ಬಿಸಿ ಇಸ್ಫಹಾನಿಗೆ ತಂದ್ರು. ಹೊಳಿ ದಕ್ಷಿಣಕ್ಕ ನವ ಜುಲ್ಫಾ ಹುಟ್ಟಿದ್ದು ಹಂಗ. ಎಷ್ಟೋ ಮಂದಿ ದಾರ್ಯಾಗ ಸತ್ರು, ಇದನ್ನ ವೈಭವದ ಕತಿ ಹೇಳೋರು ಬಿಟ್ಟಬಿಡತಾರ. 1619ರಾಗ ರೇಷ್ಮಿ ರಫ್ತಿನ ಏಕಸ್ವಾಮ್ಯ ದರಬಾರಿಂದೇ ಆತು. 1622ರಾಗ ಇಂಗ್ಲಿಷ್ ಕಂಪನಿ ಹಡಗಿನ ಸಹಾಯದಿಂದ ಪೋರ್ಚುಗೀಸರ ಕೈಯಿಂದ ಹೋರ್ಮುಜ್ ಕಸ್ಕೊಂಡ್ರು, ಎದುರಿನ ದಂಡಿ ಬಂದರ್ ಅಬ್ಬಾಸ್ ಆತು.

ಎರಡನೇದು ಖಾಸಾ ಜಮೀನು. ಮೊದಲ ಪ್ರಾಂತ್ಯಗಳೆಲ್ಲಾ ತುರ್ಕಿ ಬುಡಕಟ್ಟಿನ ಖಿಜಿಲ್‌ಬಾಶ್ ಸರದಾರರ ಕೈಯಾಗ ಇದ್ದುವು. ಕಂದಾಯ ಅವ್ರೇ ಉಣತಿದ್ರು, ಬದಲಿಗೆ ಫೌಜು ಸಾಕತಿದ್ರು. ಶಾ ಅಬ್ಬಾಸ ಅಂಥವನ್ನ ಒಂದೊಂದ ಖಾಸಾ ಮಾಡಿ ಕಂದಾಯ ನೇರ ತನ್ನ ಖಜಾನಿಗೆ ತಗೊಂಡ. ಆ ರೊಕ್ಕದಾಗ ಜಾರ್ಜಿಯಾ, ಆರ್ಮೇನಿಯಾ, ಸರ್ಕೇಶಿಯಾ ಕಡೆ ಗುಲಾಮರ ಫೌಜು ಕಟ್ಟಿದ. ಅಲ್ಲಾವರ್ದಿ ಖಾನ್ ಅಂಥಾ ಜಾರ್ಜಿಯನ್ನ ಗುಲಾಮನೇ, ಮುಂದ ಫಾರ್ಸ್ ಸುಭೇದಾರ ಆದ. 33 ಕಮಾನಿನ ಪೂಲು ಅವನ ಹೆಸರಲೇ ಅದ.

ತಿರುಗಿ_ಕೇಳ್ತೀನಿ:
ಖಾಸಾ ಮಾಡಿದ್ದೇ ಮುಂದೆ ಸಾಮ್ರಾಜ್ಯಕ್ಕೆ ಮುಳುವಾಯ್ತು ಅಂತಾರಲ್ಲ?

ಹುಬ್ಳಿ_ಪೇಟೆ:
ಆತು. ಸರದಾರನಿಗೆ ಪ್ರಾಂತ್ಯ ತನ್ನದು ಅನ್ನೋ ಆಶಾ ಇತ್ತು, ನಾಳೆ ಮಗನಿಗೂ ಬರಬಹುದು ಅಂತ ರೈತರನ್ನ ಉಳಿಸಕೋತಿದ್ದ. ಖಾಸಾ ಜಮೀನಿಗೆ ಬರಾಂವ ದರಬಾರದ ವಜೀರ, ಇವತ್ತ ಅದಾನ ನಾಳೆ ಇಲ್ಲ. ಕೈಗೆ ಸಿಕ್ಕಷ್ಟು ಹಿಂಡಿ ಹೋಗತಿದ್ದ. ಪ್ರಾಂತ್ಯದ ಫೌಜೂ ಕರಗಿತು. ಶಾ ಸಫಿ 1632ರಾಗ ಅಲ್ಲಾವರ್ದಿ ಖಾನನ ಮಗ ಇಮಾಮ್ ಕುಲಿ ಖಾನನ್ನ ಕೊಲ್ಲಿಸಿ ಫಾರ್ಸನ್ನೂ ಖಾಸಾ ಮಾಡಿದ. ಗೀಲಾನದಾಗ ಅಂತೂ ಶಾ ಅಬ್ಬಾಸ ಸತ್ತ ವರ್ಷನೇ, 1629ರಾಗ, ಮಂದಿ ದಂಗೆ ಎದ್ದು ಸರ್ಕಾರಿ ರೇಷ್ಮಿ ಉಗ್ರಾಣ ಲೂಟಿ ಮಾಡಿದ್ರು. ಅದೇ ವರ್ಷ ಏಕಸ್ವಾಮ್ಯ ಹೋತು. 1722ರಾಗ ಅಫ್ಘಾನರು ಗುಲ್ನಾಬಾದ್ ಗೆದ್ದು ಇಸ್ಫಹಾನ್ ಸುತ್ತಿದಾಗ ಹೊರಗಿಂದ ಬಂದು ಬಿಡಿಸೋ ಸುಭೇದಾರನೇ ಇರಲಿಲ್ಲ.

ನಕ್ಷೆಕಾಗದ:
ಇದಕ್ಕೆ ಒಂದು ಸೇರಿಸಬೇಕು, ಹುಬ್ಳಿಯವರೇ. ಕಟ್ಟಿದ ಮೇಲೆ ನಡೆಸುವ ಖರ್ಚು ವಕ್ಫ್‌ನಿಂದ. ಖೈಸರಿಯಾ ಬಜಾರು, ಮೈದಾನದ ಸುತ್ತಲ ಅಂಗಡಿಗಳು, ಒಂದು ಕಾರವಾನ್‌ಸರಾಯಿ, ಒಂದು ಹಮಾಮು, ಇವನ್ನು ಶಾ ಅಬ್ಬಾಸ ವಕ್ಫ್‌ಗೆ ಬರೆದ. ಅದನ್ನು ನೋಡಿಕೊಳ್ಳುವ ಮುತವಲ್ಲಿ ಯಾರು? ತಾನೇ, ತನ್ನ ನಂತರ ಪಟ್ಟಕ್ಕೆ ಬಂದವರು. ಆಸ್ತಿ ದೇವರ ಹೆಸರಿಗೆ, ಹಿಡಿತ ಮನೆತನದ ಕೈಯಲ್ಲೇ. ಬಹಳ ಜಾಣತನದ ಏರ್ಪಾಡು.

ಭಟ್ಟಿಬೂದಿ:
ಹಣ ಸಿಕ್ಕಿತು, ಸರಕಿನ ಬಗ್ಗೆಯೂ ಎರಡು ಮಾತು. ಕಾಶಾನಿನ ಕುಂಬಾರ ಮನೆತನದ ಅಬುಲ್ ಖಾಸಿಮ್ 1301ರಲ್ಲಿ ಬರೆದಿಟ್ಟ ಅಳತೆ ಇವತ್ತಿಗೂ ಆಧಾರ. ಟೈಲಿನ ಮೈಗೆ, ಅಂದ್ರೆ ಮೆರುಗಿನಡಿಯ ಭಾಗಕ್ಕೆ, 10 ಪಾಲು ಬೆಣಚುಕಲ್ಲಿನ ಪುಡಿ, 1 ಪಾಲು ಗಾಜಿನ ಪುಡಿ, 1 ಪಾಲು ಬಿಳಿ ಜೇಡಿ. ಜೇಡಿ ಇಷ್ಟು ಕಡಿಮೆ ಇರೋದ್ರಿಂದ ಮೈ ಬೆಳ್ಳಗೆ ಬರುತ್ತೆ, ಮೆರುಗನ್ನ ಚೆನ್ನಾಗಿ ಹಿಡಿಯುತ್ತೆ. ಆದ್ರೆ ಅಂಟು ಸಾಲದು, ಹಸಿ ಇರುವಾಗ ಎತ್ತಿದ್ರೆ ಮುರಿಯುತ್ತೆ. ಗೋಡೆಯ ಟೈಲ್ಸೆಲ್ಲ ಇದೇ ಮೈಯಲ್ಲ, ಸಾದಾ ಜೇಡಿಯದೂ ಇದೆ.

ಆತ ಹೇಳಿದ ಬೆಂಕಿಯ ಕ್ರಮ: 12 ಗಂಟೆ ಒಂದೇ ಸಮನೆ ಉರಿ, ಹೊಗೆ ಬರಬಾರದು. ತಬ್ರೀಜ್, ಬಗ್ದಾದ್ ಕಡೆ ಹೊಗೆ ಏಳದಿರಲಿ ಅಂತ ತೊಗಟೆ ಸುಲಿದ ವಿಲೋ ಕಟ್ಟಿಗೆ ಬಳಸ್ತಿದ್ರು. ಆಮೇಲೆ ಒಂದು ವಾರ ಆರೋಕೆ ಬಿಡಬೇಕು. ಬೇಗ ತೆಗೆದ್ರೆ ಟೈಲ್ ಸಿಡಿಯುತ್ತೆ. ಹೊಗೆ ಯಾಕೆ ಬೇಡ ಅಂದ್ರೆ, ಭಟ್ಟಿಯಲ್ಲಿ ಗಾಳಿ ಕಡಿಮೆಯಾದ್ರೆ ತಾಮ್ರದ ಬಣ್ಣ ಕೆಡುತ್ತೆ. ತಾಮ್ರದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮರುಭೂಮಿಯ ಉಪ್ಪುಗಿಡಗಳ ಬೂದಿಯಿಂದ ಮಾಡಿದ ಕ್ಷಾರದ ಮೆರುಗಿಗೆ ತಾಮ್ರ ಹಾಕಿದ್ರೆ ಫಿರೋಜಾ ಬರುತ್ತೆ, ಸೀಸದ ಮೆರುಗಿಗೆ ಅದೇ ತಾಮ್ರ ಹಾಕಿದ್ರೆ ಹಸಿರು. ಗಾಢ ನೀಲಿಗೆ ಕೋಬಾಲ್ಟ್, ಕಾಶಾನ್ ಹತ್ತಿರದ ಖಮ್ಸರ್ ಗಣಿಯದು. ಬಿಳಿಗೆ ತವರ. ಒಳ್ಳೆ ಕೆಂಪು ಇವರ ಹತ್ತಿರ ಇರಲಿಲ್ಲ, ಮದರಂಗಿ ಕಂದಿಗೇ ತೃಪ್ತಿಪಡಬೇಕಿತ್ತು.

ಕ್ಷಾರದ ಮೆರುಗಿಗೆ ಒಂದು ಕಾಯಿಲೆ. ಆರುವಾಗ ಅದು ಮೈಗಿಂತ ಜಾಸ್ತಿ ಕುಗ್ಗುತ್ತೆ, ಆಗ ಮೇಲೆಲ್ಲ ಕೂದಲೆಳೆ ಬಿರುಕು. ಬೆಣಚುಕಲ್ಲು ಜಾಸ್ತಿ ಇರೋ ಮೈ ಈ ವಿಷಯದಲ್ಲಿ ಜೇಡಿ ಮೈಗಿಂತ ವಾಸಿ.

ಸುರಂಗಬಾವಿ:
ಈ ಚರ್ಚೆಗೆ ಬೀದರ್ ಬರಲೇಬೇಕು. ಬಹಮನಿ ವಜೀರ ಮಹಮೂದ್ ಗವಾನ್ ಗೀಲಾನಿನವನು, ಮೇಲೆ ಹುಬ್ಳಿಯವರು ಹೇಳಿದ ಅದೇ ರೇಷ್ಮೆ ನಾಡು. ಅವನ ಮದರಸಾ 1472ರದು. ಆಗ ಸಫವಿಗಳು ಇನ್ನೂ ಬಂದಿರಲಿಲ್ಲ, ಅವರ ಪಟ್ಟ 1501. ಹಾಗಾಗಿ ಪ್ರವಾಸಿ ಫಲಕ ನೋಡಿ ಬೀದರಿನ ಟೈಲ್ಸ್ ಇಸ್ಫಹಾನಿನ ನಕಲು ಅನ್ನುವವರಿಗೆ ಕ್ಯಾಲೆಂಡರ್ ತೋರಿಸಿದರೆ ಸಾಕು. ಬೀದರಿನದು ತೈಮೂರಿ ಕಾಲದ ರುಚಿ, ಇಸ್ಫಹಾನಿಗಿಂತ 130 ವರ್ಷ ಹಿರಿಯದು. ಕೋಟೆಯೊಳಗಿನ ರಂಗೀನ್ ಮಹಲ್ ಅಲಿ ಬರೀದ್ ಶಾಹನ ಕಾಲದ್ದು, ಅಲ್ಲಿ ಟೈಲ್ಸ್ ಜೊತೆ ಮುತ್ತಿನ ಚಿಪ್ಪಿನ ಕೆಲಸವೂ ಇದೆ.

ಮದರಸಾಕ್ಕೆ ದೊಡ್ಡ ಹಾನಿ ಆದದ್ದು 1696ರ ಸ್ಫೋಟದಲ್ಲಿ, ಒಳಗೆ ಸಿಡಿಮದ್ದು ತುಂಬಿಟ್ಟಿದ್ದರು. ಮುಂಭಾಗದ ಅರ್ಧ, ಒಂದು ಮಿನಾರು ಹೋಯಿತು. ಆದರೆ ಉಳಿದ ಕಡೆಯೂ ಟೈಲ್ಸ್ ಉದುರಿದ್ದು ಯಾಕೆ ಅನ್ನುವುದು ಭಟ್ಟಿಬೂದಿಯವರಿಗೆ ನನ್ನ ಪ್ರಶ್ನೆ. ಇಸ್ಫಹಾನಿನಲ್ಲಿ ವರ್ಷಕ್ಕೆ ಸುಮಾರು 125 ಮಿಲಿಮೀಟರ್ ಮಳೆ, ಬೀದರಿನಲ್ಲಿ ಅದರ ಆರೇಳು ಪಟ್ಟು.

ಭಟ್ಟಿಬೂದಿ:
ಉತ್ತರ ನಿಮ್ಮ ಪ್ರಶ್ನೇಲೇ ಇದೆ. ಜಿಪ್ಸಂ ನೀರಲ್ಲಿ ಕರಗುತ್ತೆ, ಲೀಟರಿಗೆ ಸುಮಾರು 2 ಗ್ರಾಂ. ಕೇಳೋಕೆ ಸ್ವಲ್ಪ ಅನ್ಸುತ್ತೆ, ಆದ್ರೆ ಮಾನ್ಸೂನ್ ನೀರು ನೂರಾರು ವರ್ಷ ಗೋಡೆ ಹಿಂದಿಂದ ಇಳಿದ್ರೆ ಹಿಡಿತವೇ ಹೋಗುತ್ತೆ. ಸುಣ್ಣದ ಗಾರೆ ಇದ್ರೂ ಉಪ್ಪಿನ ಕಾಟ ತಪ್ಪಲ್ಲ. ಮೆರುಗಿನ ಮೂಲಕ ನೀರು ಆವಿಯಾಗಲ್ಲ, ಸಂದಿನಿಂದ ಮಾತ್ರ ಹೊರಗೆ ಬರುತ್ತೆ. ಬರುವಾಗ ಉಪ್ಪನ್ನ ಮೆರುಗಿನ ಬೆನ್ನಿಗೆ ಬಿಟ್ಟುಬರುತ್ತೆ. ಅಲ್ಲಿ ಹರಳು ಕಟ್ಟಿ ಮೆರುಗನ್ನ ಚಕ್ಕೆಚಕ್ಕೆಯಾಗಿ ತಳ್ಳುತ್ತೆ.

ನಕ್ಷೆಕಾಗದ:
ಹಾನಿಯ ಮಾತು ಬಂತಲ್ಲ, ಶಾ ಮಸೀದಿಯ ಗುಮ್ಮಟದ ದುರಸ್ತಿಯನ್ನೂ ಹೇಳಿಬಿಡುತ್ತೇನೆ. ಅದು ಎರಡು ಚಿಪ್ಪಿನ ಗುಮ್ಮಟ. ಹೊರಗಿನದು ಸುಮಾರು 53 ಮೀಟರ್ ಎತ್ತರಕ್ಕೆ, ಒಳಗಿನದು 38ರ ಸುಮಾರಿಗೆ. ಮೈದಾನದಿಂದ ಕಾಣಲು ಎತ್ತರ ಬೇಕು, ಒಳಗೆ ನಿಂತವನಿಗೆ ಅಷ್ಟು ಎತ್ತರ ಕತ್ತಲ ಕೊಳವೆಯಾಗುತ್ತದೆ, ಅದಕ್ಕೇ ಎರಡು. ನಡುವಿನ ಖಾಲಿ ಜಾಗದಲ್ಲಿ ಆಧಾರಕ್ಕೆ ಸುತ್ತ ಹರಡಿದ ಇಟ್ಟಿಗೆ ಗೋಡೆಗಳು, ಬಿಗಿಯಲು ಮರದ ತೊಲೆಗಳು.

ಸುಮಾರು ಹತ್ತು ವರ್ಷ ಅಟ್ಟಣಿಗೆ ಕಟ್ಟಿಕೊಂಡು ನಡೆದ ಟೈಲ್ ದುರಸ್ತಿಯ ಫೋಟೊಗಳು 2022ರಲ್ಲಿ ಹೊರಬಂದಾಗ ಇರಾನಿನಲ್ಲೇ ಗಲಾಟೆ ಎದ್ದಿತು. ಪಟ್ಟಿ ಪಟ್ಟಿಯ ನಡುವೆ ಉಬ್ಬುತಗ್ಗು, ಬಳ್ಳಿಯ ಗೆರೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಇಂಥ ಕಡೆ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಹಳೆಯ ಗಾರೆಗಿಂತ ಹೊಸದು 2 ಸೆಂಟಿಮೀಟರ್ ದಪ್ಪ ಕೂತಿತು ಅಂದುಕೊಳ್ಳಿ. ತ್ರಿಜ್ಯ 2 ಸೆಂಟಿಮೀಟರ್ ಹೆಚ್ಚಿತು, ಸುತ್ತಳತೆ 12.5 ಸೆಂಟಿಮೀಟರ್‌ಗೂ ಮೀರಿ ಹೆಚ್ಚಿತು. ಗುಮ್ಮಟ ಚಿಕ್ಕದಾಗಲಿ ದೊಡ್ಡದಾಗಲಿ ಈ ಹೆಚ್ಚಳ ಅಷ್ಟೇ. ಹಳೆಯ ಅಳತೆಗೆ ಕತ್ತರಿಸಿದ ಫಲಕಗಳು ಆ ಸುತ್ತಳತೆ ತುಂಬುವುದಿಲ್ಲ, ಸಂದು ಬಿಡುತ್ತವೆ. ಒಂದು ಪಟ್ಟಿ ಕಳಚಿ ಕೂರಿಸಿ, ಆಮೇಲೆ ಪಕ್ಕದ್ದನ್ನು ಕಳಚಿದರೆ ಪ್ರತಿ ಗಡಿಯಲ್ಲೂ ಮೆಟ್ಟಿಲು. ಇಡೀ ಗುಮ್ಮಟದ ಅಳತೆ ಮೊದಲು ತೆಗೆದು, ಎತ್ತರ ಎತ್ತರಕ್ಕೆ ತ್ರಿಜ್ಯದ ಗುರುತು ಕಟ್ಟಿಕೊಂಡೇ ಕೈ ಹಾಕಬೇಕು.

ತಿರುಗಿ_ಕೇಳ್ತೀನಿ:
ಮೈದಾನ ಒಂದು ದಿಕ್ಕು, ಮಸೀದಿ ಒಂದು ದಿಕ್ಕು ಇರೋದೂ ಅಳತೆ ತಪ್ಪಿದ್ದಾ ಅಂತ ಕೆಲವರು ಕೇಳ್ತಾರೆ.

ನಕ್ಷೆಕಾಗದ:
ಅಲ್ಲ. ಮೈದಾನ ಹೆಚ್ಚುಕಡಿಮೆ ಉತ್ತರ-ದಕ್ಷಿಣ, ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ನೈಋತ್ಯಕ್ಕೆ. ಹೆಬ್ಬಾಗಿಲು ಮೈದಾನಕ್ಕೆ ನೇರ, ಒಳಗೆ ಹೋದವರನ್ನು ಸುಮಾರು 45 ಡಿಗ್ರಿ ತಿರುಗಿಸಿ ಅಂಗಳಕ್ಕೆ ಬಿಡುತ್ತಾರೆ. ತಿರುಗಿಸಿದ್ದರಿಂದಲೇ ಗುಮ್ಮಟ ಬಾಗಿಲಿನ ಹಿಂದೆ ಅಡಗದೆ ಪಕ್ಕಕ್ಕೆ ಸರಿದು ಮೈದಾನದಿಂದ ಕಾಣುತ್ತದೆ.

ಸುರಂಗಬಾವಿ:
ನೀರಿನ ವಿಷಯ ಸ್ವಲ್ಪ. ಈ ನಗರ ಬದುಕಿದ್ದು ಜಾಯಂದೆ ರೂದ್ ನದಿಯ ಮೇಲೆ. ಅದು ಝಾಗ್ರೋಸ್ ಬೆಟ್ಟದಲ್ಲಿ ಹುಟ್ಟಿ ಗಾವ್‌ಖೂನಿ ಜೌಗಿನಲ್ಲಿ ಇಂಗುತ್ತದೆ, ಸಮುದ್ರ ಸೇರುವುದಿಲ್ಲ. ನದಿಯಿಂದ ಮಾದಿ ಎನ್ನುವ ಕಾಲುವೆಗಳು ಹೊಲಕ್ಕೂ ತೋಟಕ್ಕೂ ಹೋಗುತ್ತವೆ. ನೀರನ್ನು 33 ಪಾಲು ಮಾಡಿದ ಹಂಚಿಕೆ ಪತ್ರವೊಂದಿದೆ. ಅದನ್ನು ಶಾ ಅಬ್ಬಾಸನ ಕಾಲದ ವಿದ್ವಾಂಸ ಶೇಖ್ ಬಹಾಯಿಯೇ ಮಾಡಿದ್ದು ಅಂತ ಜನ ಹೇಳುತ್ತಾರೆ, ಆದರೆ ಏರ್ಪಾಡು ಅವನಿಗಿಂತ ಹಳೆಯದು ಅನ್ನುವವರೂ ಇದ್ದಾರೆ, ನನಗೂ ಅದೇ ಸರಿ ಅನಿಸುತ್ತದೆ.

1602ರ ಸುಮಾರಿಗೆ ಮುಗಿದ 33 ಕಮಾನಿನ ಸೇತುವೆ ಸುಮಾರು 300 ಮೀಟರ್. ಬರೀ ದಾಟಲಿಕ್ಕೆ, ಚಹಾರ್ ಬಾಗ್ ಬೀದಿಯನ್ನು ಆಚೆ ದಂಡೆಗೆ ಕೂಡಿಸಲಿಕ್ಕೆ. 1650ರ ಸುಮಾರಿಗೆ ಎರಡನೇ ಶಾ ಅಬ್ಬಾಸ್ ಕಟ್ಟಿಸಿದ ಖಾಜು ಸೇತುವೆ ಹಾಗಲ್ಲ. ಉದ್ದ 130 ಮೀಟರ್ ಚಿಲ್ಲರೆ ಅಷ್ಟೇ, ಆದರೆ ಅದೇ ಒಂದು ಅಣೆಕಟ್ಟು. ಕೆಳಗಿನ ಕಿಂಡಿಗಳಿಗೆ ಹಲಗೆ ಹಾಕಿದರೆ ಮೇಲಿನ ಬದಿ ನೀರು ಏರಿ ತೋಟದ ಕಾಲುವೆಗೆ ಹತ್ತುತ್ತದೆ. ಕೆಳಬದಿ ಮೆಟ್ಟಿಲ ಮೇಲೆ ನೀರು ಮುರಿದು ಬೀಳುವುದರಿಂದ ಅಡಿಪಾಯ ಕೊರೆಯುವುದಿಲ್ಲ.

ಇಷ್ಟು ನೀರು ಸಾಲದು ಅಂತ ಮೊದಲನೇ ಶಾ ಅಬ್ಬಾಸ ಕೂಹ್‌ರಂಗ್ ಬೆಟ್ಟ ಸೀಳಿ ಕಾರೂನ್ ನದಿಯ ನೀರನ್ನು ಈ ಕಡೆ ತಿರುಗಿಸಲು ಹೊರಟ. ಆಗಲಿಲ್ಲ. ಅದು ಕೈಗೂಡಿದ್ದು 1950ರ ದಶಕದಲ್ಲಿ, ಸುರಂಗದಿಂದ. ಈಗ ನದಿ ವರ್ಷದ ಬಹುಕಾಲ ನಗರದೊಳಗೆ ಒಣಗಿರುತ್ತದೆ, ಸೇತುವೆಗಳಿಗೆ ಅದೇ ಅಪಾಯ. ಸುಣ್ಣ, ಜೇಡಿ, ಬೂದಿ, ಆಪಿನ ಹುಲ್ಲಿನ ನಾರು ಸೇರಿಸಿ ಕಲಸಿದ ಸಾರೂಜ್ ಗಾರೆ ತೇವದಲ್ಲಿದ್ದಾಗ ಗಟ್ಟಿ, ಒಣಗಿದರೆ ಬಿರುಕು. ಅಂತರ್ಜಲ ಎಳೆದಷ್ಟೂ ನೆಲ ಕುಸಿಯುವುದು ಬೇರೆ.

ಬೀದರಿನ ನೌಬಾದ್ ಕರೇಜನ್ನು ಇದರ ಜೊತೆ ಹೋಲಿಸಬೇಡಿ ಅಂತ ಒಂದು ಮನವಿ. ಅದೂ ಇರಾನಿನ ವಿದ್ಯೆಯೇ, ಆದರೆ ನದಿಯದಲ್ಲ. ನೆಲದಡಿಯ ನೀರನ್ನು ಸಾವಿರ ಮೀಟರಿಗೆ ಒಂದೆರಡು ಮೀಟರ್ ಇಳಿಜಾರಿನ ಸುರಂಗದಲ್ಲಿ ಹೊರತರುವುದು. ಇಳಿಜಾರು ಜಾಸ್ತಿಯಾದರೆ ನೀರು ತಳ ಕೊರೆದು ಸುರಂಗ ಕುಸಿಯುತ್ತದೆ.

ಹುಬ್ಳಿ_ಪೇಟೆ:
ಒಂದ್ ಕಡೀ ಪ್ರಶ್ನಾ. ಫೋಟೋ ನೋಡಿ ಮೊಅರ್ರಕ್ ಯಾವುದು, ಹಫ್ತ್‌ರಂಗಿ ಯಾವುದು ಅಂತ ಹೆಂಗ ಗುರ್ತ ಹಿಡೀಬೇಕ್ರಿ? ಮತ್ತ ಉದುರಿದ್ದನ್ನ ಹಚ್ಚಬೇಕಾದ್ರ ಸಿಮೆಂಟ್ ನಡೀತದೇನು?

ಭಟ್ಟಿಬೂದಿ:
ಚೌಕದ ಸಂದು ನೋಡಿ. ಸಮಾನ ದೂರಕ್ಕೊಂದು ಅಡ್ಡ-ಉದ್ದ ಗೆರೆ ಬಳ್ಳಿ, ಹೂವು, ಅಕ್ಷರ ಯಾವುದನ್ನೂ ಲೆಕ್ಕಿಸದೆ ಹಾದುಹೋಗಿದ್ರೆ ಹಫ್ತ್‌ರಂಗಿ. ಸಂದು ಬಳ್ಳಿಯ ಅಂಚನ್ನೇ ಹಿಡಿದು ಹೋಗಿದ್ರೆ ಮೊಅರ್ರಕ್. ಹಫ್ತ್‌ರಂಗೀಲಿ ಬಣ್ಣ ಬಣ್ಣದ ನಡುವೆ ತೆಳು ಕಪ್ಪು ಗೆರೆ ಇರುತ್ತೆ. ಬಿಸಿಲು ಓರೆಯಾಗಿ ಬಿದ್ದಾಗ ತೆಗೆದ ಫೋಟೊ ಆದ್ರೆ ಇನ್ನೂ ಸುಲಭ. ಮೊಅರ್ರಕ್‌ನ ತುಂಡುಗಳು ಒಂದೊಂದು ಒಂಚೂರು ಬೇರೆ ಓರೆಗೆ ಕೂತಿರ್ತವೆ, ಬೆಳಕು ಒಡೆದು ಮಿನುಗುತ್ತೆ. ಹಫ್ತ್‌ರಂಗಿ ಒಂದೇ ಹಾಳೆಯಾಗಿ ಹೊಳೆಯುತ್ತೆ.

ಸಿಮೆಂಟ್ ಬೇಡವೇ ಬೇಡ. ಹಿಂದೆ ಹಳೆ ಜಿಪ್ಸಂ ಇದ್ದು ತೇವ ಸೇರಿದ್ರೆ ಸಿಮೆಂಟ್ ಜೊತೆ ಪ್ರತಿಕ್ರಿಯೆಯಾಗಿ ಹಿಗ್ಗುವ ಲವಣ ಹುಟ್ಟುತ್ತೆ, ಗಾರೆ ಉಬ್ಬಿ ಟೈಲನ್ನ ಎತ್ತಿಬಿಡುತ್ತೆ. ಅದೂ ಸಾಲದು ಅಂತ ಸಿಮೆಂಟ್ ಟೈಲ್‌ಗಿಂತ ಗಟ್ಟಿ, ಮುಂದೆ ತೆಗೀಬೇಕು ಅಂದ್ರೆ ಒಡೆಯೋದು ಟೈಲೇ. ಹಣ್ಣಾದ ಸುಣ್ಣ 1 ಪಾಲು, ತೊಳೆದ ಮರಳು 3 ಪಾಲು, ತೇವದ ಜಾಗವಾದ್ರೆ ಅರ್ಧ ಪಾಲು ಇಟ್ಟಿಗೆ ಪುಡಿ. ಹಚ್ಚೋ ಮುಂಚೆ ಬೆನ್ನನ್ನೂ ಗೋಡೆಯನ್ನೂ ನೆನೆಸಬೇಕು, ಒಣ ಟೈಲ್ ಗಾರೆಯ ನೀರನ್ನೆಲ್ಲ ಹೀರಿ ಹಿಡಿತ ಬರದ ಹಾಗೆ ಮಾಡುತ್ತೆ. ಮೇಲೆ ಉಪ್ಪು ಬಿಳಿಯಾಗಿ ಕಾಣಿಸಿದ್ರೆ ಪೈಪ್ ಹಿಡಿದು ತೊಳೀಬೇಡಿ, ಕರಗಿ ಮತ್ತೆ ಒಳಗೇ ಹೋಗುತ್ತೆ. ಒಣ ಬ್ರಷ್‌ನಲ್ಲಿ ತೆಗೆದು, ಒದ್ದೆ ಕಾಗದದ ಮುದ್ದೆ ಮೆತ್ತಿ ಪೂರ್ತಿ ಒಣಗಿದ ಮೇಲೆ ಕೀಳಬೇಕು. ಉಪ್ಪು ಅದರಲ್ಲಿ ಬರುತ್ತೆ. ಬಂದದ್ದು ಸಾಲದಿದ್ರೆ ಮತ್ತೆ ಮೆತ್ತಿ.

ಹುಬ್ಳಿ_ಪೇಟೆ:
ಆತ್ರಿ. ಸುರಂಗಬಾವಿಯವರ, ಮದರಸಾದ ಮಿನಾರಿನ ಮ್ಯಾಲ ಉಳದಿರೋ ಟೈಲ್ಸಿನ ಹತ್ತಿರದ ಫೋಟೋ ಸಿಕ್ರ ಹಾಕ್ರಿ. ಸಂದು ಯಾವ ಕಡೆ ಓಡ್ಯಾವ ನೋಡೂಣು.